ಶಿಶುಗಳ ಸ್ನಾಯುಕ್ಷಯದಲ್ಲಿ ಸಂವೇದನಾ ನರದ ಸಾಕ್ಷ್ಯ

ಬೆನ್ನುಹುರಿಯ ಮುಂಗೊಂಬಿನ ಚಾಲಕ ನರಕೋಶಗಳು ನಶಿಸಿ ಶಿಶುವಿನ ಸ್ನಾಯುಗಳು ಸೊರಗುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಯನ್ನು 1891ರಲ್ಲಿ ವೆರ್ಡ್‌ನಿಗ್, 1893ರಲ್ಲಿ ಹಾಫ್‌ಮನ್ ವರ್ಣಿಸಿದುದೂ, 1995ರಲ್ಲಿ ಮೆಲ್ಕಿ ಮತ್ತವರ ಸಂಗಡಿಗರು ಅದಕ್ಕೆ ಕಾರಣವಾದ ಎಸ್‌ಎಂಎನ್1 ಜೀನನ್ನು ಗುರುತಿಸಿದುದೂ ಸರ್ವವಿದಿತ. ಈ ವ್ಯಾಧಿಯಲ್ಲಿ ಸಂವೇದನಾ ನರಗಳು ಅಬಾಧಿತವೆಂಬುದು ಪಾಠ್ಯಗ್ರಂಥಗಳ ಸೂತ್ರ. ಅವುಗಳಲ್ಲಿ ದೋಷ ಕಂಡರೆ ಅನ್ಯ ರೋಗವನ್ನು ಶಂಕಿಸಬೇಕೆಂಬುದು ಅದರ ಅನುಸಿದ್ಧಾಂತ.

2003ರಲ್ಲಿ ರುಡ್ನಿಕ್-ಷೋನೆಬಾರ್ನ್ ಮತ್ತು ಸಹೋದ್ಯೋಗಿಗಳು ಈ ಸೂತ್ರವನ್ನು ಅಲುಗಿಸಿದರು. ಅತ್ಯುಗ್ರವಾದ ಮೊದಲನೆಯ ಬಗೆಯ ಶಿಶುಗಳಲ್ಲಿ ಕಾಲಿನ ಸೂರಲ್ ನರದ ತಂತುಗಳು ಶಿಥಿಲವಾಗಿದ್ದುದು ಅವರಿಗೆ ಕಂಡಿತು; ಸೌಮ್ಯತರ ಬಗೆಗಳಲ್ಲಿ ಕಾಣಲಿಲ್ಲ. ನವಜಾತ ಶಿಶುವಿನಲ್ಲಿ ಮಯಲಿನ್ ಹೊದಿಕೆ ಇನ್ನೂ ಬಲಿಯದಿರುವುದರಿಂದ ನರವಹನದ ವೇಗವು ವಯಸ್ಕರದರ ಸುಮಾರು ಅರ್ಧವೇ ಆಗಿರುವುದರಿಂದಲೂ, ಅಲುಗಾಡದ ಕಾಲು ತಣ್ಣಗಾಗಿ ಅಷ್ಟು ವೇಗವೂ ಕುಗ್ಗುವುದರಿಂದಲೂ, ನರವಹನದ ಮಾಂದ್ಯವೊಂದನ್ನೇ ರೋಗಚಿಹ್ನೆಯೆಂದು ಬಗೆಯಲಾಗದೆಂಬ ಆಕ್ಷೇಪ ಇಲ್ಲಿ ಸಹಜ. ಆದರೆ ಶೈತ್ಯವು ವೇಗವನ್ನು ತಗ್ಗಿಸುವುದೇ ಹೊರತು ಸಂವೇದನಾ ಸಂಕೇತದ ಎತ್ತರವನ್ನು ತಗ್ಗಿಸದು, ಹೆಚ್ಚಿಸುವುದೇ ವಾಡಿಕೆ. ಸೂಕ್ಷ್ಮದರ್ಶಕದಡಿ ಕಂಡ ತಂತುನಾಶಕ್ಕಂತೂ ಅದು ಉತ್ತರವೇ ಅಲ್ಲ. ಆದುದರಿಂದ ಅವರು ಕಂಡುದನ್ನು ನಾನು ಒಪ್ಪುತ್ತೇನೆ.

ಒಪ್ಪಲಾರದುದು, ಅದರ ಮೇಲೆ ಕಟ್ಟಬಹುದಾದ ಅನುಮಾನವನ್ನು. ರೋಗಗ್ರಸ್ತ ಇಲಿಗಳಲ್ಲಿ ಚಾಲಕ ಕೋಶಗಳು ಬಹುವಾಗಿ ಅಳಿಯುವ ಮುನ್ನವೇ ಸ್ನಾಯುಗಳಿಂದ ಬರುವ ಸಂವೇದನಾ ತಂತುಗಳ ತುದಿಗಳು ಆ ಕೋಶಗಳಿಂದ ಕಳಚಿಕೊಳ್ಳುತ್ತವೆಂದು 2011ರಲ್ಲಿ ಮೆಂಟಿಸ್ ಮತ್ತು ಸಂಗಡಿಗರು ತೋರಿಸಿದರು. ಶಿಶುವಿನ ಸೂರಲ್ ನರವನ್ನು ಇದಕ್ಕೆ ಮಾನವ ಸಾಕ್ಷಿಯಾಗಿ ನಿಲ್ಲಿಸುವ ಮೋಹ ದೊಡ್ಡದು. ಆದರೆ ಸೂರಲ್ ಚರ್ಮದ ನರ. ಇಲಿಯಲ್ಲಿ ಕಳಚಿದುದು ಸ್ನಾಯುವಿನ ಹಿಗ್ಗನ್ನು ತಿಳಿಸುವ ತಂತು. ನೆರೆಮನೆಯವನ ಸಾಕ್ಷ್ಯದಿಂದ ಈ ಮನೆಯ ವ್ಯಾಜ್ಯ ತೀರದು. ಮಂಡಿಯ ಪ್ರತಿಕ್ರಿಯೆ ಅಡಗಿರುವುದೂ ಇಲ್ಲಿ ನಿರ್ಣಾಯಕವಲ್ಲ. ಒಳಬರುವ ಹಾದಿ ಕಡಿದರೂ ಹೊರಹೋಗುವ ಹಾದಿ ಕಡಿದರೂ ಫಲ ಒಂದೇ.

ಇಲಿಯಿಂದ ಶಿಶುವಿಗೆ ಸಾಗುವ ತರ್ಕದ ದೌರ್ಬಲ್ಯವನ್ನು ಮರೆಯದೆ, ಪರೀಕ್ಷಿತ ಶಿಶುಗಳು ಕೆಲವರೇ ಎಂಬುದನ್ನೂ ನೆನೆದು, ಇಷ್ಟನ್ನು ಹೇಳುವ ಧೈರ್ಯ ಮಾಡಬಹುದೇನೋ: ಇಲಿಯಲ್ಲಿ ಕಂಡುದೂ ಶಿಶುವಿನ ಸೂರಲ್ ನರದಲ್ಲಿ ಕಂಡುದೂ ಒಂದೇ ವಿಕಾರದ ಎರಡು ಮುಖಗಳಾಗಿರದೆ, ಮೊದಲನೆಯದು ಬೆನ್ನುಹುರಿಯೊಳಗಿನ ಸಂಧಿಯಲ್ಲಿ ಬೇಗನೆ ತಲೆದೋರುವ ವಿಚ್ಛೇದವೂ, ಎರಡನೆಯದು ಅತ್ಯುಗ್ರ ಬಗೆಯಲ್ಲಿ ಮಾತ್ರ ಹೊರನರವನ್ನು ಮುಟ್ಟುವ ಕ್ಷಯವೂ ಆಗಿರುವ ಸಂಭವವಿದೆ.

ಆ ಕ್ಷಯ ಎಸ್‌ಎಂಎನ್1 ಜೀನು ತಯಾರಿಸುವ ಪ್ರೋಟೀನಿನ ಕೊರತೆಯ ನೇರ ಫಲವೋ, ದೀರ್ಘ ನಿಶ್ಚಲತೆಯ ಉಪಫಲವೋ ಎಂಬ ಪ್ರಶ್ನೆ ಉಳಿದೇ ಇದೆ. 2016ರಲ್ಲಿ ಈ ರೋಗದ ಔಷಧವಾದ ನುಸಿನರ್ಸೆನ್‌ಗೆ ಅಮೆರಿಕದಲ್ಲಿ ಮನ್ನಣೆ ದೊರೆತ ಮೇಲೆ, ಲಕ್ಷಣ ತೋರುವ ಮುನ್ನವೇ ಚಿಕಿತ್ಸೆ ಪಡೆದು ಎದ್ದು ನಡೆಯುವ ಮಕ್ಕಳೂ ಇದ್ದಾರೆ. ಅವರ ಸೂರಲ್ ನರದ ಸಂಕೇತವನ್ನು ವರ್ಷವರ್ಷವೂ ಅಳೆದರೆ, ನಿಶ್ಚಲತೆಯ ಪಾಲನ್ನು ಬೇರ್ಪಡಿಸಿ ನೋಡುವ ಮಾರ್ಗವೊಂದು ತೆರೆದೀತು.