ಶಾಸನಪಾಠದಲ್ಲಿ ಪಂಕ್ತಿಭಂಗ: ಶಿಲೆಯಿಂದ ಗಣಕದ ಲೇಬಲ್‌ವರೆಗೆ

ಕುಷ್ಟಗಿ ತಾಲ್ಲೂಕಿನ ತಾವರಗೇರಾ ಪಟ್ಟಣದ ನೈಋತ್ಯಕ್ಕೆ ಕೊಪ್ಪಳವೂ ಈಶಾನ್ಯಕ್ಕೆ ಮಸ್ಕಿಯೂ ಇವೆ. ಎರಡೂ ಅಶೋಕನ ಕಿರುಬಂಡೆ ಶಾಸನಗಳಿಂದ ಇತಿಹಾಸಜ್ಞರಿಗೆ ಸುಪರಿಚಿತವಾದ ಸ್ಥಳಗಳು. ಮಸ್ಕಿಯ ಶಾಸನವು 1915ರಲ್ಲಿಯೂ, ಕೊಪ್ಪಳದ ಗವಿಮಠ ಹಾಗೂ ಪಾಲ್ಕಿಗುಂಡುಗಳ ಶಾಸನಗಳು 1931ರಲ್ಲಿಯೂ ಬೆಳಕಿಗೆ ಬಂದವು. ಅಂದು ಈ ಪ್ರದೇಶವು ನಿಜಾಮರ ಆಳ್ವಿಕೆಗೆ ಸೇರಿದ್ದುದರಿಂದ ಅವುಗಳ ಪಾಠಗಳು ಹೈದರಾಬಾದು ಪುರಾತತ್ತ್ವ ಗ್ರಂಥಮಾಲೆಯಲ್ಲಿ ಪ್ರಕಟವಾದವು. ಈ ಶಾಸನಗಳ ಅರ್ಥವನ್ನು ಕುರಿತು ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಸಾಲು ಎಲ್ಲಿ ಮುರಿಯುತ್ತದೆ, ಆ ಮುರಿವನ್ನು ಇಂದಿನ ಗಣಕಪಾಠದಲ್ಲಿ ಹೇಗೆ ಉಳಿಸಬೇಕು ಎಂಬ ಚಿಕ್ಕ ವಿಷಯವನ್ನು ಮಾತ್ರ ನಾವಿಲ್ಲಿ ಪರಿಶೀಲಿಸುತ್ತೇವೆ.

ಶಾಸನವನ್ನು ಕೆತ್ತುವವನು ಸಾಲನ್ನು ನಿಲ್ಲಿಸುವುದು ಸಾಮಾನ್ಯವಾಗಿ ಶಿಲೆಯ ಅಂಚು ಬಂದುದರಿಂದಲೇ ಹೊರತು ಅರ್ಥವು ಮುಗಿದುದರಿಂದಲ್ಲ. ಒಂದೇ ಪದದ ಪೂರ್ವಾರ್ಧವು ಒಂದು ಸಾಲಿನಲ್ಲಿಯೂ ಉತ್ತರಾರ್ಧವು ಮುಂದಿನ ಸಾಲಿನಲ್ಲಿಯೂ ಬೀಳುವುದು ಅಪೂರ್ವವೇನಲ್ಲ. ಆದುದರಿಂದ ಪಂಕ್ತಿಭಂಗವೂ ಪದವಿಭಾಗವೂ ಒಂದೇ ಅಲ್ಲ.

ಹಾಗೆಂದು ಪಂಕ್ತಿಭಂಗವನ್ನು ಕಡೆಗಣಿಸುವಂತಿಲ್ಲ. ಶಿಲೆಯ ಅಂಚು ಸವೆದಿದ್ದಲ್ಲಿ ಎಷ್ಟು ಅಕ್ಷರಗಳು ಲುಪ್ತವಾಗಿವೆ ಎಂಬುದನ್ನು ನಾವು ಉಳಿದ ಸಾಲುಗಳ ಉದ್ದದಿಂದಲೇ ಊಹಿಸುತ್ತೇವೆ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಕಿರುಬಂಡೆ ಶಾಸನದಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಸಾಗುತ್ತವೆ. ಇತ್ತ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯನ್ನು ಹೇಳುವ ಪದವನ್ನು, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಸಾಲುಗಳ ವ್ಯವಸ್ಥೆಯನ್ನು ಅಳಿಸಿದರೆ ಲಿಪಿಕಾರರ ಅಭ್ಯಾಸವನ್ನು ತಿಳಿಸುವ ಇಂತಹ ಸಾಕ್ಷ್ಯವೂ ಅಳಿಯುತ್ತದೆ.

ಈಗ ಶಾಸನಪಾಠಗಳನ್ನು ಎಕ್ಸ್‌ಎಂಎಲ್ ಎಂಬ ಗುರುತುಭಾಷೆಯಲ್ಲಿ ಸಂಗ್ರಹಿಸುವ ಪದ್ಧತಿ ಬಂದಿದೆ. 1998ರಲ್ಲಿ ಪ್ರಮಾಣೀಕೃತವಾದ ಈ ಭಾಷೆಯ ಮಾದರಿಯಲ್ಲಿಯೇ ಗಣಕದ ತೆರೆಯ ಮೇಲಿನ ಗುಂಡಿ, ಪಟ್ಟಿ, ಲೇಬಲ್‌ಗಳನ್ನು ವರ್ಣಿಸುವ ಹಲವು ಭಾಷೆಗಳೂ ರಚಿತವಾಗಿವೆ. ಇಲ್ಲಿ ಒಂದು ತೊಡಕುಂಟು. ಲೇಬಲ್‌ನ ಬರಹವನ್ನು ಆಟ್ರಿಬ್ಯೂಟ್‌ನ ಬೆಲೆಯಾಗಿ ಉದ್ಧರಣಚಿಹ್ನೆಗಳ ನಡುವೆ ಇಟ್ಟು, ಮಧ್ಯದಲ್ಲಿ ಎಂಟರ್ ಕೀಲಿಯನ್ನು ಒತ್ತಿ ಸಾಲು ಮುರಿದರೆ, ಓದುವ ಯಂತ್ರವು ಆ ಮುರಿವನ್ನು ಬರಿಯ ತೆರಪಾಗಿ ಮಾರ್ಪಡಿಸುತ್ತದೆ. ‘ತಾವರ’ ಎಂದು ಒಂದು ಸಾಲಿನಲ್ಲಿಯೂ ‘ಗೇರಾ’ ಎಂದು ಮುಂದಿನ ಸಾಲಿನಲ್ಲಿಯೂ ಬರೆದೆವೆನ್ನೋಣ. ತೆರೆಯ ಮೇಲೆ ಅದು ಒಂದೇ ಸಾಲಿನ ಎರಡು ಪದಗಳಾಗುತ್ತದೆ. ಸಾಲೂ ಹೋಯಿತು, ಊರಿನ ಹೆಸರೂ ಒಡೆಯಿತು. ಹುಡುಕುವವನಿಗೆ ತಾವರಗೇರಾ ದೊರೆಯದು.

ಇದಕ್ಕೆ ಪರಿಹಾರವಿದೆ. ಆಟ್ರಿಬ್ಯೂಟ್‌ನೊಳಗೆ ಸಾಲಿನ ಮುರಿವನ್ನು ಅದರ ಸಂಕೇತಸಂಖ್ಯೆಯಾದ 10ರಿಂದ ಸೂಚಿಸಿದರೆ ಯಂತ್ರವು ಅದನ್ನು ಉಳಿಸಿಕೊಳ್ಳುತ್ತದೆ. ಮೈಕ್ರೋಸಾಫ್ಟ್‌ನ ಝಾಮಲ್ ಭಾಷೆಯಲ್ಲಿ ಬರಹದ ನಡುವೆ ‘ಲೈನ್‌ಬ್ರೇಕ್’ ಎಂಬ ಪ್ರತ್ಯೇಕ ಗುರುತನ್ನೂ ಇಡಬಹುದು. ಶಾಸನಗಳಿಗೆಂದೇ ರೂಪುಗೊಂಡ ಎಪಿಡಾಕ್ ಪದ್ಧತಿ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ ‘ಎಲ್‌ಬಿ’ ಎಂಬ ಗುರುತು ಹೊಸ ಸಾಲಿನ ಆರಂಭವನ್ನೂ ಅದರ ಸಂಖ್ಯೆಯನ್ನೂ ತಿಳಿಸುತ್ತದೆ. ಪದವು ಅಲ್ಲಿ ತುಂಡಾಗಿಲ್ಲವೆಂದು ಹೇಳಲು ಅದಕ್ಕೆ ‘ಬ್ರೇಕ್’ ಎಂಬ ಆಟ್ರಿಬ್ಯೂಟನ್ನು ‘ನೋ’ ಎಂಬ ಬೆಲೆಯೊಡನೆ ಸೇರಿಸುತ್ತಾರೆ. ಹೀಗೆ ಶಿಲೆಯ ಅಂಚೂ ಭಾಷೆಯ ಪದವೂ ಒಂದನ್ನೊಂದು ಕೆಡಿಸದೆ ಉಳಿಯುತ್ತವೆ.

ಇದು ಕೇವಲ ಯಂತ್ರಜ್ಞರ ವಿಷಯವೆಂದು ನಮ್ಮ ವಿದ್ಯಾರ್ಥಿಗಳು ಭಾವಿಸಬಾರದು. ಶಾಸನಸಂಪಾದಕನು ಪ್ರತಿ ಸಾಲಿಗೂ ಸಂಖ್ಯೆ ಕೊಟ್ಟು, ಒಡೆದ ಪದಕ್ಕೆ ಅಡ್ಡಗೆರೆ ಹಾಕುತ್ತಿದ್ದುದು ಇದೇ ಎಚ್ಚರದಿಂದ. ಕಣ್ಣಿಗೆ ಸಾಲು ಸರಿಯಾಗಿ ಕಂಡಿತೆಂಬಷ್ಟಕ್ಕೆ ತೃಪ್ತರಾಗದೆ, ಕಂಡುದನ್ನು ಸ್ಪಷ್ಟವಾದ ಗುರುತಿನಿಂದ ದಾಖಲಿಸುವುದು ಲೇಖನಿ ಹಿಡಿದವನಿಗೆ ಹೇಗೋ ಕೀಲಿಮಣೆಯ ಮುಂದೆ ಕುಳಿತವನಿಗೂ ಹಾಗೆಯೇ ಕರ್ತವ್ಯವೆಂದು ನಾವು ಭಾವಿಸುತ್ತೇವೆ.