ಶೋಯೆಬುಲ್ಲಾ ಖಾನರ ವಧೆಯೂ ರಾಯಚೂರು ಸೀಮೆಯ ವಿದ್ಯಾರ್ಥಿವರ್ಗವೂ

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು, ದೇವದುರ್ಗ, ಮಾನವಿ ಸೀಮೆಗಳು 1956ನೆಯ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೂ ಹೈದರಾಬಾದಿನ ಭಾಗವಾಗಿದ್ದುವು. ನಿಜಾಮರ ಆಳಿಕೆಯಲ್ಲಿ ಸಂಸ್ಥಾನಕ್ಕಿದ್ದ ವಿಶ್ವವಿದ್ಯಾಲಯವು 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ಒಂದೇ. ಅಲ್ಲಿಯ ಬೋಧನಭಾಷೆ ಉರ್ದು. ಜಗನ್ನಾಥದಾಸರ ಮಾನವಿಯಿಂದ ಹೊರಟ ಬಾಲಕನು ಅಲ್ಲಿಗೆ ಹೋದರೆ ಗಣಿತವನ್ನೂ ರಸಾಯನವನ್ನೂ ಆ ಭಾಷೆಯಲ್ಲಿಯೇ ಕಲಿಯುತ್ತಿದ್ದನು.

ಈ ಸೀಮೆಯ ವಿಮೋಚನೆಯನ್ನು ಎರಡು ಮತಗಳ ಕಲಹವೆಂದು ಬರೆಯುವ ವಾಡಿಕೆಯುಂಟು. ಅದು ಸಾಧುವಲ್ಲವೆಂಬುದಕ್ಕೆ ಆ ವಿಶ್ವವಿದ್ಯಾಲಯದ ಪದವೀಧರರೇ ಆದ ಶೋಯೆಬುಲ್ಲಾ ಖಾನರ ಚರಿತ್ರೆಯೊಂದೇ ಸಾಕು. 1920ರಲ್ಲಿ ಜನಿಸಿದ ಇವರು ಮಂದುಮುಲ ನರಸಿಂಗರಾಯರ 'ರಯ್ಯತ್' ಪತ್ರಿಕೆಯಲ್ಲಿ ದುಡಿದು, ಅದು ನಿಂತ ಬಳಿಕ 1947ರ ನವೆಂಬರಿನಲ್ಲಿ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯನ್ನು ತೆಗೆದರು. ಆ ಪದಕ್ಕೆ 'ಇಂದು' ಎಂದರ್ಥ. ಸಂಸ್ಥಾನವು ಭಾರತದಲ್ಲಿ ಸೇರಬೇಕು, ಪ್ರಜೆಗಳಿಗೆ ಹೊಣೆಯಾದ ಸರಕಾರವು ಬರಬೇಕು, ರಜಾಕಾರರ ಹಿಂಸೆ ನಿಲ್ಲಬೇಕು ಎಂದು ಮುಸಲ್ಮಾನರೊಬ್ಬರು ಮುಸಲ್ಮಾನರ ಪ್ರಿಯಭಾಷೆಯಲ್ಲಿಯೇ ಬರೆದುದು ಖಾಸಿಂ ರಜವಿಯ ಅನುಯಾಯಿಗಳಿಗೆ ಸಹ್ಯವಾಗಲಿಲ್ಲ. 1948ನೆಯ ಆಗಸ್ಟ್ 21ರ ರಾತ್ರಿ ಕಚೇರಿಯಿಂದ ಮನೆಗೆ ಹೋಗುತ್ತಿದ್ದಾಗ ಅವರನ್ನು ಗುಂಡಿಕ್ಕಿ, ಕೈಯನ್ನೂ ಕತ್ತರಿಸಿದರು. ಜೊತೆಯಲ್ಲಿದ್ದ ಭಾವಮೈದುನನೂ ಗಾಯಗೊಂಡನು. ಬೆಳಗಾಗುವುದರೊಳಗೆ ಖಾನರು ತೀರಿಕೊಂಡರು.

ಹತನಾದ ಲೋಕಹಿತೈಷಿಗಾಗಿ ವಿದ್ಯಾರ್ಥಿಗಳು ಶೋಕಿಸಬೇಕಾದರೆ ಮೊದಲು ಅವರು ಒಂದೆಡೆ ಕೂಡಿರಬೇಕಷ್ಟೆ. ಅಮೆರಿಕೆಯಲ್ಲಿ ಕರಿಯ ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗರು 1968ನೆಯ ಏಪ್ರಿಲ್ 4ರಂದು ಮೆಂಫಿಸಿನಲ್ಲಿ ಹತರಾದರು. ಅನೇಕ ನಗರಗಳಲ್ಲಿ ದೊಂಬಿಗಳು ಎದ್ದುವು. ಆದರೂ ಐದು ದಿನಗಳ ಮೇಲೆ ಹೇಸರಗತ್ತೆಗಳೆಳೆದ ಬಂಡಿಯಲ್ಲಿ ಅವರ ಶವವು ಅವರು ಓದಿದ ಅಟ್ಲಾಂಟದ ಮೋರ್‌ಹೌಸ್ ಕಾಲೇಜಿಗೆ ಬಂದಿತು. ಅಲ್ಲಿಯ ಹಿಂದಿನ ಅಧ್ಯಕ್ಷರಾದ ಬೆಂಜಮಿನ್ ಮೇಸರೇ ಚರಮಭಾಷಣವನ್ನು ಮಾಡಿದರು. ಗುರುವು ಶಿಷ್ಯನಿಗೆ ಸಲ್ಲಿಸಿದ ಈ ಋಣವು ನಮ್ಮ ಶಾಸ್ತ್ರಗಳಿಗೆ ವಿಪರೀತಕ್ರಮವೇ ಸರಿ.

ಹೈದರಾಬಾದಿನಲ್ಲಿ ಅಂಥ ಸಭೆ ಸೇರುವಂತಿರಲಿಲ್ಲ. 1938ರಲ್ಲಿಯೇ 'ವಂದೇ ಮಾತರಂ' ಹಾಡಿದ ನೂರಾರು ವಿದ್ಯಾರ್ಥಿಗಳು ಉಸ್ಮಾನಿಯಾದಿಂದ ಹೊರದೂಡಲ್ಪಟ್ಟು, ಬಹುಮಂದಿ ನಾಗಪುರದಲ್ಲಿ ಓದು ಮುಂದುವರಿಸಿದ್ದರು. 1947ರಲ್ಲಿ ಸ್ವಾಮಿ ರಾಮಾನಂದ ತೀರ್ಥರ ಕರೆಗೆ ಓಗೊಟ್ಟು ಇನ್ನೆಷ್ಟೋ ತರುಣರು ಪಾಠಶಾಲೆಗಳನ್ನು ತೊರೆದರು. ರಾಯಚೂರು ಜಿಲ್ಲೆಯ ಗಡಿಯಾಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಪುಂಡಲೀಕಪ್ಪ ಜ್ಞಾನಮೋಠೆ ಮೊದಲಾದವರ ಶಿಬಿರಗಳಿದ್ದುವು. ಖಾನರ ಶವಕ್ಕೆ ಹೆಗಲು ಕೊಡಬಹುದಾಗಿದ್ದ ತಲೆಮಾರು ಹೀಗೆ ಚದರಿಹೋಗಿತ್ತು. ಅವರ ಹೆಸರು ನಮ್ಮ ಸೀಮೆಯ ಕಥನದಲ್ಲಿ ಮರೆಯಾದುದಕ್ಕೆ ಇದೂ ಒಂದು ಕಾರಣವೆಂದು ಊಹಿಸಬಹುದು. ಅವರನ್ನು ತೆಲಂಗಾಣದವರೆಂದು ಬದಿಗಿಟ್ಟುದು ಮಾತ್ರ ನಮ್ಮದೇ ತಪ್ಪು.

1948ನೆಯ ಸೆಪ್ಟೆಂಬರ್ 17ರಂದು ನಿಜಾಮರ ಸೈನ್ಯವು ಶರಣಾಯಿತು. ಖಾನರು ತೀರಿಕೊಂಡು ಆಗ 26 ದಿನಗಳಾಗಿದ್ದುವು.