ಗಾಂಧೀಜಿ ಮನೆಯ ಹೋಮ್‌ಸ್ಕೂಲ್: ಮಕ್ಕಳಿಗೆ ಸಿಗದ ಆ ಒಂದು ಗಂಟೆ

ಇಯರ್‌ಫೋನ್ ಹಾಕ್ಕೊಂಡ್ರಾ? ಶುರು ಮಾಡೋಣ.

ಹೋದ ವಾರ ನಮ್ಮಕ್ಕ ಫೋನ್ ಮಾಡಿದ್ಳು. "ಪುಟ್ಟನ್ನ ಒಂದನೇ ಕ್ಲಾಸಿಗೆ ಸೇರಿಸೋದೇ ಬೇಡ ಅನ್ನಿಸ್ತಿದೆ ಕಣೋ. ಮನೇಲೇ ಓದಿಸಿಬಿಡ್ಲಾ?" ಅಂದ್ಳು. ನಾನು ಬಿ.ಕಾಂ. ಓದಿದವನು, ಮಕ್ಕಳನ್ನ ಬೆಳೆಸಿ ಗೊತ್ತಿಲ್ಲ. ಆದರೆ ಇದೇ ಪ್ರಶ್ನೆ 1897ರಲ್ಲಿ ಒಬ್ಬ ಲಾಯರ್ ಅಪ್ಪನ ಮುಂದೆಯೂ ಬಂದಿತ್ತು ಅನ್ನೋದು ನೆನಪಾಯ್ತು. ಆ ಅಪ್ಪ ಮೋಹನದಾಸ ಕರಮಚಂದ ಗಾಂಧಿ.

ಆ ವರ್ಷ ಜನವರಿಯಲ್ಲಿ ಗಾಂಧೀಜಿ ಸಂಸಾರ ಸಮೇತ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಹಡಗಿನಿಂದ ಇಳಿದರು. ಜೊತೆಯಲ್ಲಿ ಮಕ್ಕಳಾದ ಹರಿಲಾಲ, ಮಣಿಲಾಲ, ಮತ್ತೆ ಅಕ್ಕನ ಮಗ. ಮೂವರನ್ನೂ ಎಲ್ಲಿ ಓದಿಸೋದು? ಬಿಳಿಯರ ಶಾಲೆಯಲ್ಲಿ ಭಾರತೀಯ ಮಕ್ಕಳಿಗೆ ಜಾಗ ಇರಲಿಲ್ಲ. ಗಾಂಧೀಜಿ ಕೇಳಿದ್ದರೆ ವಿಶೇಷ ವಿನಾಯಿತಿ ಸಿಗುತ್ತಿತ್ತು. ಬೇರೆಯವರ ಮಕ್ಕಳಿಗೆ ಸಿಗದ್ದು ನನ್ನ ಮಕ್ಕಳಿಗೂ ಬೇಡ ಅಂದರು. ಮಿಷನ್ ಶಾಲೆಗಳ ಪಾಠ ಅವರಿಗೆ ಹಿಡಿಸಲಿಲ್ಲ. ತಿಂಗಳಿಗೆ 7 ಪೌಂಡ್ ಸಂಬಳಕ್ಕೆ ಒಬ್ಬ ಇಂಗ್ಲಿಷ್ ಟೀಚರನ್ನು ಮನೆಗೇ ಕರೆಸಿದರು. ತಾವು ಮಾತ್ರ ಮಕ್ಕಳ ಜೊತೆ ಗುಜರಾತಿಯಲ್ಲೇ ಮಾತಾಡುತ್ತಿದ್ದರು.

ಮುಂದೆ ಮನೆ ಜೋಹಾನ್ಸ್‌ಬರ್ಗ್‌ಗೆ ಬಂತು. ಹರಿಲಾಲ ಆಗ ಭಾರತದಲ್ಲಿದ್ದ. ಉಳಿದ ಮಕ್ಕಳಿಗೆ ಪಾಠ ಎಲ್ಲಿ ಗೊತ್ತಾ? ರಸ್ತೆಯಲ್ಲಿ! ಅಪ್ಪ ಆಫೀಸಿಗೆ ನಡೆದುಕೊಂಡು ಹೋಗುವಾಗ ಮಕ್ಕಳೂ ಜೊತೆಗೆ. ಹೋಗಿ ಬರೋದು ಸೇರಿ ಸುಮಾರು 5 ಮೈಲಿ. ಮಾತಾಡುತ್ತಲೇ ಕಲಿಕೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ದಾರೀಲಿ ಬೇರೆ ಯಾರಾದ್ರೂ ಮಾತಿಗೆ ಸಿಕ್ಕರೆ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ಗಾಂಧೀಜಿಗೆ ಮಾತಿಗೆ ಸಿಗುವವರು ಕಮ್ಮಿಯೇ?

ಹರಿಲಾಲನ ಕಥೆ ಇನ್ನೂ ಕಷ್ಟದ್ದು. ಅವನೂ ದಕ್ಷಿಣ ಆಫ್ರಿಕಾಕ್ಕೆ ಮರಳಿ, ಅಪ್ಪನ ಸತ್ಯಾಗ್ರಹದಲ್ಲಿ ಮತ್ತೆ ಮತ್ತೆ ಜೈಲಿಗೆ ಹೋದ. ಇಂಗ್ಲೆಂಡಿನಲ್ಲಿ ಓದಲು ಒಂದು ವಿದ್ಯಾರ್ಥಿವೇತನ ಬಂದಾಗ ಗಾಂಧೀಜಿ ಅದನ್ನು ತಮ್ಮ ಮಕ್ಕಳಿಗೆ ಕೊಡಲಿಲ್ಲ, ಬೇರೆಯವರಿಗೆ ಕೊಟ್ಟರು. 1911ರಲ್ಲಿ ಹರಿಲಾಲ ಅಪ್ಪನನ್ನು ಬಿಟ್ಟು ಅಹಮದಾಬಾದಿಗೆ ಬಂದ. ಯಾಕೆ? ಮೆಟ್ರಿಕ್ ಓದೋಕೆ. ಮದುವೆಯಾಗಿದ್ದ, ವಯಸ್ಸು 23. ಪಾಸಾಗಲಿಲ್ಲ. ಅಪ್ಪ ಮಗನ ನಡುವಿನ ಬಿರುಕು ಕೊನೆವರೆಗೂ ಮುಚ್ಚಲಿಲ್ಲ. ಅದಕ್ಕೆ ಓದೊಂದೇ ಕಾರಣ ಅಂತಲ್ಲ, ಆದರೆ ಓದೂ ಒಂದು ಕಾರಣ.

ಹಾಗಂತ ಮನೆಪಾಠ ಪೂರ್ತಿ ಸೋತಿತು ಅನ್ನೋ ಹಾಗಿಲ್ಲ. ಮಣಿಲಾಲ 'ಇಂಡಿಯನ್ ಒಪೀನಿಯನ್' ಪತ್ರಿಕೆಯನ್ನು ವರ್ಷಗಟ್ಟಲೆ ನಡೆಸಿದರು. ಕಿರಿಯವರಾದ ದೇವದಾಸ 'ಹಿಂದೂಸ್ತಾನ್ ಟೈಮ್ಸ್' ಸಂಪಾದಕರಾದರು. ಸ್ವಾಭಿಮಾನ, ಸರಳತೆ ಮಕ್ಕಳಿಗೆ ಬಂತು ಅನ್ನೋದು ಗಾಂಧೀಜಿ ನಂಬಿಕೆ.

ಆದರೆ ಅವರೇ ಆತ್ಮಕಥೆಯಲ್ಲಿ ಇನ್ನೊಂದನ್ನೂ ಒಪ್ಪಿಕೊಂಡಿದ್ದಾರೆ. ದಿನಕ್ಕೆ ಒಂದೇ ಒಂದು ಗಂಟೆ ತಪ್ಪದೆ ಕೂತು ಅಕ್ಷರ ಕಲಿಸಿದ್ದರೆ ಸಾಕಿತ್ತಂತೆ. ಅದಾಗಲಿಲ್ಲ. ಬಿ.ಎ., ಎಂ.ಎ. ಮಾಡಿದವರನ್ನು ಕಂಡಾಗ ಮಕ್ಕಳಿಗೆ ಕೊರತೆ ಕಾಡುತ್ತಿತ್ತು ಅಂತಲೂ ಬರೆದಿದ್ದಾರೆ. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ನಿರ್ಧಾರ ಅಪ್ಪನದು, ಖರ್ಚು ಬಿದ್ದದ್ದು ಮಕ್ಕಳ ಖಾತೆಗೆ.

ಇವತ್ತು ಸರ್ಟಿಫಿಕೇಟ್ ಸಮಸ್ಯೆ ಅಷ್ಟಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದ್ರೆ ಎನ್‌ಐಒಎಸ್ ಮೂಲಕ ದಿನಾ ಶಾಲೆಗೆ ಹೋಗದೆಯೂ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು. ಆದರೆ ಆ ಒಂದು ಗಂಟೆಯನ್ನು ಯಾವ ಬೋರ್ಡೂ ಕೊಡಲ್ಲ.

ಅಕ್ಕನಿಗೆ ಇಷ್ಟೂ ಹೇಳಿ ಕೇಳಿದೆ: "ನೀನು, ಭಾವ, ಇಬ್ಬರಲ್ಲಿ ಯಾರು ದಿನಾ ಕೂರ್ತೀರ? ಪುಟ್ಟನೇ ಮುಂದೆ ಶಾಲೆಗೆ ಹೋಗ್ತೀನಿ ಅಂದ್ರೆ ಕಳಿಸ್ತೀರಾ?" ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಈ ಬೇಸಿಗೆ ರಜೆಯಲ್ಲಿ ದಿನಾ ಒಂದು ಗಂಟೆ ಕೂತು ನೋಡ್ತೀನಿ ಕಣೋ. ಆಗ್ಲಿಲ್ಲ ಅಂದ್ರೆ ಅಡ್ಮಿಷನ್ನು" ಅಂದಳು.

ನಿಮ್ಮ ಮನೆಯಲ್ಲಿ ಆ ಒಂದು ಗಂಟೆ ಯಾರ ಹತ್ತಿರ ಇದೆ? ಯೋಚನೆ ಮಾಡಿ. ಮುಂದಿನ ವಾರ ಸಿಗೋಣ.